ಕಾಫಿ ಕಣದಲ್ಲಿ ಡಿಜೆ, ಮಳೆಗಾಲದಲ್ಲಿ ಟ್ರ್ಯಾಕ್: ಹಾಸನ–ಚಿಕ್ಕಮಗಳೂರಲ್ಲಿದ್ದೇ ಮಾಡಬಹುದಾದ ಕೆಲಸ

ಡಿಜೆ ಆಗಬೇಕು ಅನ್ನುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಯಾವ ಕಂಟ್ರೋಲರ್ (ಲ್ಯಾಪ್‌ಟಾಪ್‌ನ ಹಾಡುಗಳನ್ನು ಕೈಯಿಂದ ಬೆರೆಸುವ ಯಂತ್ರ) ತಗೊಳ್ಳಲಿ ಅನ್ನುವುದು. ಹಾಸನ, ಚಿಕ್ಕಮಗಳೂರು ಕಡೆಯವರಾದರೆ ಅದಕ್ಕೂ ಮೊದಲು ಪಂಚಾಂಗ ತೆರೆದು ನೋಡಬೇಕು. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಜೂನ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬಯಲಲ್ಲಿ ಸ್ಪೀಕರ್ ಇಡುವ ಹಾಗೇ ಇಲ್ಲ. ಧನುರ್ಮಾಸದ ನಡುವೆ ಬರುವ ಡಿಸೆಂಬರ್ 31 ಮಾತ್ರ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಭರ್ಜರಿ ರಾತ್ರಿ. ಒಟ್ಟಿನಲ್ಲಿ ಹಾಡು ಹಾಕುವ ಕೆಲಸ ನವೆಂಬರ್‌ನಿಂದ ಮೇ ತನಕ. ಉಳಿದ ತಿಂಗಳು ಕೈ ಖಾಲಿ.

ಆ ಖಾಲಿ ತಿಂಗಳುಗಳೇ ಇಲ್ಲಿಯವರಿಗೆ ಸಿಕ್ಕಿರುವ ದೊಡ್ಡ ಅನುಕೂಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಿಜೆ ಕೆಲಸದಿಂದ ತಿಂಗಳ ಖರ್ಚು ಹುಟ್ಟುತ್ತದೆ, ಆದರೆ ಹೆಸರು ತಾಲ್ಲೂಕು ದಾಟುವುದು ಸ್ವಂತ ಟ್ರ್ಯಾಕ್‌ನಿಂದ, ಅಂದರೆ ತಾವೇ ಕಟ್ಟಿದ ಸಂಗೀತದಿಂದ. ನೆರಳಿನ ಮರಕ್ಕೆ ಮೆಣಸು ಹಬ್ಬಿಸಿ ಕಾಫಿ ತೋಟದಲ್ಲೇ ಎರಡನೇ ಬೆಳೆ ತೆಗೆಯುವ ಹಾಗೆ ಇವೆರಡನ್ನೂ ಒಂದೇ ವರ್ಷದಲ್ಲಿ ಕೂರಿಸಬೇಕು. ಬರೀ ಪಾರ್ಟಿ ಹಿಡಿದು ಕೂತವರು ನಾಲ್ಕೈದು ವರ್ಷಕ್ಕೆ ಅಲ್ಲೇ ನಿಲ್ಲುತ್ತಾರೆ. ಬರೀ ಟ್ರ್ಯಾಕ್ ಮಾಡುತ್ತಾ ಕೂತವರಿಗೆ ಜನ ಯಾವ ಜಾಗದಲ್ಲಿ ಕುಣಿಯುತ್ತಾರೆ, ಯಾವ ಜಾಗದಲ್ಲಿ ಊಟಕ್ಕೆ ಎದ್ದು ಹೋಗುತ್ತಾರೆ ಅನ್ನುವುದೇ ಗೊತ್ತಾಗುವುದಿಲ್ಲ.

ಸಂಗ್ರಹವೇ ಬಂಡವಾಳ

ಕಲಿಯುವುದಕ್ಕೆ ಎರಡು ಚಾನೆಲ್‌ನ ಸಣ್ಣ ಕಂಟ್ರೋಲರ್ ಸಾಕು. ಪಯನೀಯರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಥರದ್ದು ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದಲೇ ಓಡುತ್ತದೆ. ಸ್ಪೀಕರ್‌ಗೆ ಸದ್ದು ಕಳಿಸುವ ಅದರ ಮಾಸ್ಟರ್ ಔಟ್ ಆರ್‌ಸಿಎ ಜ್ಯಾಕ್, ಅಂದರೆ ಹೊರಗಿನ ಗದ್ದಲ ತಡೆಯುವ ಬ್ಯಾಲೆನ್ಸ್ಡ್ ಸಂಪರ್ಕ ಅಲ್ಲ ಅನ್ನುವುದು ನೆನಪಿರಲಿ. ಮುಂದೆ ಇದರಿಂದಲೇ ತೊಂದರೆ ಬರುತ್ತದೆ. ಮಿಕ್ಕ ದುಡ್ಡು ಹೆಡ್‌ಫೋನ್‌ಗೂ ಹಾಡಿಗೂ ಹೋಗಲಿ.

ಯೂಟ್ಯೂಬ್‌ನಿಂದ ಇಳಿಸಿಕೊಂಡ ಹಾಡು ಫೋನಲ್ಲಿ ಚೆನ್ನಾಗೇ ಕೇಳುತ್ತದೆ. ಅದನ್ನೇ ಹದಿನೈದು ಇಂಚಿನ ಟಾಪ್ (ಮೇಲಿನ ಸ್ಪೀಕರ್), ಹದಿನೆಂಟು ಇಂಚಿನ ಸಬ್ (ಬೇಸ್ ಸ್ಪೀಕರ್) ಮೇಲೆ ಹಾಕಿದಾಗ ಡ್ರಮ್ಸ್‌ನ ಹೈಹ್ಯಾಟ್ ತಾಳ ನೀರಲ್ಲಿ ಅದ್ದಿದ ಹಾಗೆ ಕಲಸಿಹೋಗುತ್ತದೆ. ಪರೀಕ್ಷೆ ಸುಲಭ. ಸ್ಪೆಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಸದ್ದು ಎಷ್ಟು ಎತ್ತರದ ಆವರ್ತನದ ತನಕ ಇದೆ ಅನ್ನುವ ಚಿತ್ರ ಬರುತ್ತದೆ: 320 ಕೆಬಿಪಿಎಸ್ ಎಂಪಿ3 ಸುಮಾರು 20 ಕಿಲೋಹರ್ಟ್ಸ್ ತನಕ ತುಂಬಿರುತ್ತದೆ, 128ರದ್ದು 16ರ ಸುತ್ತ ಕತ್ತರಿಸಿದಂತೆ ನಿಲ್ಲುತ್ತದೆ. ಹೆಸರಲ್ಲಿ 320 ಅಂತಿದ್ದು ಚಿತ್ರ 16ಕ್ಕೆ ನಿಂತಿದ್ದರೆ ಯಾರೋ ಸಣ್ಣ ಫೈಲನ್ನು ದೊಡ್ಡದು ಮಾಡಿ ಕೊಟ್ಟಿದ್ದಾರೆ ಅಂತ ತಿಳಿಯಿರಿ. ಬೀಟ್‌ಪೋರ್ಟ್, ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಂಡ ವೇವ್ ಅಥವಾ 320 ಫೈಲ್‌ಗೆ ಈ ತಲೆನೋವಿಲ್ಲ.

ಹಳೆಯ ಕನ್ನಡ ಹಾಡುಗಳದ್ದು ಬೇರೆ ಕಥೆ. ತಬಲಾ, ಡ್ರಮ್ಸ್ ಎಲ್ಲ ಕೈಯಲ್ಲೇ ನುಡಿಸಿದ ಕಾಲದ್ದು. ಪಲ್ಲವಿಯಲ್ಲಿ 104 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟು ಅನ್ನುವ ವೇಗ) ಇದ್ದದ್ದು ಎರಡನೇ ಚರಣಕ್ಕೆ 107 ಆಗಿರಬಹುದು. ರೆಕಾರ್ಡ್‌ಬಾಕ್ಸ್ ಅನ್ನುವ ಡಿಜೆ ಸಾಫ್ಟ್‌ವೇರ್ ಮಾಮೂಲಿ ವಿಶ್ಲೇಷಣೆಯಲ್ಲಿ ಒಂದೇ ವೇಗದ ಗ್ರಿಡ್ (ಬೀಟು ಗುರುತಿಸುವ ಗೆರೆಗಳು) ಎಳೆಯುವುದರಿಂದ ಒಂದು ನಿಮಿಷ ಕಳೆಯುವಷ್ಟರಲ್ಲಿ ಬೀಟು ಜಾರಿರುತ್ತದೆ. ಡೈನಮಿಕ್ ವಿಶ್ಲೇಷಣೆ ಹಾಕಿದರೆ ಅರ್ಧ ಸರಿಹೋಗುತ್ತದೆ. ಪೂರ್ತಿ ಸರಿಯಾಗಬೇಕೆಂದರೆ ಏಬಲ್ಟನ್ ಅನ್ನುವ ಸಂಗೀತ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಹಾಡು ತೆರೆದು ಎಂಟೆಂಟು ಬಾರ್‌ಗೆ (ನಾಲ್ಕು ಬೀಟಿನ ಸುತ್ತಿಗೆ ಒಂದು ಬಾರ್) ಒಂದು ವಾರ್ಪ್ ಮಾರ್ಕರ್, ಅಂದರೆ ವೇಗ ಸರಿಪಡಿಸುವ ಗುರುತು, ಹೊಡೆದು, ಸರಿಮಾಡಿದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಒಂದು ಹಾಡಿಗೆ ಅರ್ಧ ಗಂಟೆ ಹಿಡಿಯುತ್ತದೆ. ಹೀಗೆ ಹದಮಾಡಿದ ನೂರು ಕನ್ನಡ ಹಾಡು ಕೈಲಿದ್ದರೆ ಅದು ಬೆಂಗಳೂರಿನ ಡಿಜೆಗಳ ಹತ್ತಿರವೂ ಸುಲಭಕ್ಕೆ ಸಿಗದ ಆಸ್ತಿ.

ತಮಟೆ ಏಟಿನ ಹಾಡುಗಳಲ್ಲಿ ಸಾಫ್ಟ್‌ವೇರ್ ಇನ್ನೊಂದು ತಪ್ಪು ಮಾಡುತ್ತದೆ. ಅವುಗಳ ನಡೆ ಆರೆಂಟರದ್ದು: ಒಂದೊಂದು ದೊಡ್ಡ ಏಟಿನೊಳಗೆ ಮೂರು ಸಣ್ಣ ಏಟು. ಕುಣಿಯುವವರ ಕಾಲು 126ಕ್ಕೆ ಬೀಳುತ್ತಿದ್ದರೂ ಪರದೆ ಮೇಲೆ 84 ಅಂತಲೋ 189 ಅಂತಲೋ ಬಂದಿರುತ್ತದೆ. ಕಾಲಿನ ಏಟಿಗೆ ಸರಿಯಾಗಿ ಟ್ಯಾಪ್ ಬಟನ್ ಒತ್ತಿ 126 ಮಾಡಿಕೊಂಡರೆ ಆ ಹಾಡು ಹೌಸ್ (ಕ್ಲಬ್‌ನ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ) ಟ್ರ್ಯಾಕ್ ಪಕ್ಕದಲ್ಲೇ ಬಂದು ಕೂರುತ್ತದೆ. ಕಿಕ್ (ದೊಡ್ಡ ಡ್ರಮ್ಮಿನ ಏಟು) ಕಿಕ್ಕಿಗೆ ಸೇರುತ್ತದೆ, ಒಳಗಿನ ಮೂರೇಟು ಮಾತ್ರ ಬೇರೆಯಾಗಿ ಓಡುತ್ತದೆ. ಮಲೆನಾಡಿನ ಮದುವೆ ಮನೆಯಲ್ಲಿ ಇಂಗ್ಲಿಷ್ ಹೌಸ್‌ನಿಂದ ಕನ್ನಡಕ್ಕೆ ಜನ ಚದುರದಂತೆ ದಾಟಲು ಇದಕ್ಕಿಂತ ಒಳ್ಳೆಯ ಸೇತುವೆ ಇನ್ನೊಂದಿಲ್ಲ.

ಬೀಟು ಸೇರಿಸುವುದನ್ನು ಸಿಂಕ್ ಬಟನ್ ಮಾಡಿಕೊಡುತ್ತದೆ, ನಿಜ. ಆದರೂ ಕಿವಿಯಿಂದ ಸೇರಿಸುವುದನ್ನು ಕಲಿಯಿರಿ. ಗ್ರಿಡ್ ತಪ್ಪಿದ್ದರೆ ಸಿಂಕ್ ಆ ತಪ್ಪನ್ನೇ ನಿಷ್ಠೆಯಿಂದ ಪಾಲಿಸುತ್ತದೆ. ವೇಗ ಬದಲಿಸುವ ಪಿಚ್ ಫೇಡರ್ ಶೇ. 6 ಏರಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಮೇಲೆ ಹೋಗುತ್ತದೆ. ಮಾಸ್ಟರ್ ಟೆಂಪೋ ಹಾಕಿದರೆ ಶ್ರುತಿ ಬದಲಾಗದೆ ನಿಲ್ಲುತ್ತದೆ, ಆದರೆ ಶೇ. 8 ದಾಟಿದ ಮೇಲೆ ಹಾಡಿನ ದನಿ ಒಡೆದಂತೆ ಕೇಳುತ್ತದೆ. ಬೇಸ್ ವಿಷಯದಲ್ಲಿ ಎಂದೂ ಸಡಿಲ ಬಿಡಬೇಡಿ. ಹೊಸ ಟ್ರ್ಯಾಕ್ ಒಳಗೆ ಬರುವಾಗ ಅದರ ಲೋ (ಬೇಸ್ ಗುಂಡಿ) ಪೂರ್ತಿ ಇಳಿದಿರಬೇಕು. 16 ಅಥವಾ 32 ಬಾರ್ ಮುಗಿದು ಹೊಸ ಸುತ್ತಿನ ಮೊದಲ ಏಟು ಬಿದ್ದಾಗ ಒಂದರ ಲೋ ಇಳಿಸಿ, ಇನ್ನೊಂದರದ್ದು ಏರಿಸಿ. ಎರಡು ಬೇಸ್ ಒಟ್ಟಿಗೆ ಓಡಿದರೆ ಮೀಟರ್ ಕೆಂಪಿಗೆ ಹೋಗುತ್ತದೆ, ಇಲ್ಲವೇ ಒಂದನ್ನೊಂದು ನುಂಗಿ ಕಿಕ್ಕೇ ಮಾಯವಾಗುತ್ತದೆ.

ಕ್ಲಬ್‌ಗೆ ಪೆನ್‌ಡ್ರೈವ್ ಒಯ್ಯುವಾಗ ಎಫ್‌ಎಟಿ32 ಫಾರ್ಮ್ಯಾಟ್ ಇರಲಿ. ಕ್ಲಬ್‌ಗಳಲ್ಲಿರುವ ಹಳೆಯ ಸಿಡಿಜೆ ಪ್ಲೇಯರ್‌ಗಳು ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಓದುವುದಿಲ್ಲ. 32 ಜಿಬಿಗಿಂತ ದೊಡ್ಡ ಡ್ರೈವನ್ನು ವಿಂಡೋಸ್ ಸಾಮಾನ್ಯವಾಗಿ ಎಫ್‌ಎಟಿ32 ಮಾಡಿಕೊಡುವುದಿಲ್ಲ, ಬೇರೆ ಸಾಫ್ಟ್‌ವೇರ್ ಬೇಕಾಗುತ್ತದೆ. ಒಂದೇ ಸಂಗ್ರಹದ ಎರಡು ಡ್ರೈವ್ ಜೇಬಲ್ಲಿರಲಿ.

ಕಣ, ಕರೆಂಟು, ಅರ್ಥಿಂಗ್

ಹೋಂಸ್ಟೇ ಪಾರ್ಟಿ ಎಂದರೆ ಹೆಚ್ಚಿನ ಕಡೆ ಡ್ಯಾನ್ಸ್ ನಡೆಯುವುದು ಕಾಫಿ ಒಣಗಿಸುವ ಕಣದಲ್ಲಿ. ಸಿಮೆಂಟಿನ ನೆಲ, ಸಮತಟ್ಟು, ಕುಣಿಯಲು ಹೇಳಿ ಮಾಡಿಸಿದ ಜಾಗ. ಅಲ್ಲಿಗೆ ಬರುವ ಕರೆಂಟು ಮಾತ್ರ ಲೈನಿನ ಕೊನೆಯದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಅಥವಾ ಪಂಪು ಶುರುವಾದರೆ 230 ಇರಬೇಕಾದ ವೋಲ್ಟೇಜ್ ಧಡಕ್ಕನೆ ಕುಸಿಯುತ್ತದೆ. ಸ್ಪೀಕರ್ ಇಳಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಫೇಸ್–ನ್ಯೂಟ್ರಲ್ ನಡುವೆ 200ರಿಂದ 240 ಇದ್ದರೆ ಕೆಲಸ ಮಾಡಬಹುದು. 180ಕ್ಕಿಂತ ಕೆಳಗಿದ್ದರೆ ಜನರೇಟರ್ ಕೇಳಿ. ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಸಹಜ. ಐದು ದಾಟಿದರೆ ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಪ್ಲಗ್ ಹಾಕಬೇಡಿ. ಇನ್ನೊಂದು ಲಕ್ಷಣವನ್ನು ಎಲ್ಲರೂ ತಿಳಿದಿರಬೇಕು: ಒಂದು ಕೋಣೆಯ ಬಲ್ಬ್ ಮಂಕಾಗಿ ಇನ್ನೊಂದು ಕೋಣೆಯದ್ದು ಇದ್ದಕ್ಕಿದ್ದಂತೆ ಝಗ್ಗನೆ ಉರಿದರೆ ನ್ಯೂಟ್ರಲ್ ಸಡಿಲವಾಗಿದೆ ಎಂದರ್ಥ. ಆಗ ಸಾಕೆಟ್‌ಗೆ 300 ವೋಲ್ಟ್ ದಾಟಿ ಬರಬಹುದು. ಆ ಕ್ಷಣವೇ ಮೇನ್ ಆಫ್ ಮಾಡಬೇಕು. ಸಾವಿರಾರು ರೂಪಾಯಿಯ ಆಂಪ್ಲಿಫೈಯರ್ ಸುಡಲು ಎರಡು ಸೆಕೆಂಡು ಸಾಕು.

ಗುಂಯ್ ಅನ್ನುವ ಸದ್ದು ಇನ್ನೊಂದು ಮಾಮೂಲಿ ಕಾಟ. ಲ್ಯಾಪ್‌ಟಾಪ್ ಚಾರ್ಜರ್ ಮನೆಯೊಳಗಿನ ಸಾಕೆಟ್‌ನಲ್ಲಿ, ಸ್ಪೀಕರ್ ಕಣದ ಸಾಕೆಟ್‌ನಲ್ಲಿ ಇದ್ದರೆ ಎರಡು ಅರ್ಥ್ ದಾರಿಗಳ ನಡುವಿನ ವ್ಯತ್ಯಾಸ ಆಡಿಯೋ ಕೇಬಲ್‌ನಲ್ಲಿ ಹರಿದು 50 ಮತ್ತು 100 ಹರ್ಟ್ಸ್‌ನ ಗುಂಯ್ ಆಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಅದೇ. ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಆಗಲೂ ಹೋಗದಿದ್ದರೆ ಕಂಟ್ರೋಲರ್‌ನ ಆರ್‌ಸಿಎ ಔಟ್‌ಗೆ ಟ್ರಾನ್ಸ್‌ಫಾರ್ಮರ್ ಇರುವ ಸ್ಟೀರಿಯೋ ಡಿಐ ಬಾಕ್ಸ್ (ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡುವ ಪೆಟ್ಟಿಗೆ) ಹಾಕಿ, ಅಲ್ಲಿಂದ ಮುಂದೆ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯಿರಿ. ಆರ್‌ಸಿಎ ಕೇಬಲ್ ಮೂರು ಮೀಟರ್ ದಾಟದಿರಲಿ. ಸದ್ದು ನಿಲ್ಲಿಸಲೆಂದು ಪ್ಲಗ್‌ನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕುಣಿಯುವ ಜನರ ನಡುವೆ ಅದು ಜೀವಕ್ಕೆ ಸಂಚಕಾರ. ಯಾರು ಹೇಳಿದರೂ ಮಾಡಬೇಡಿ.

ಜನರೇಟರ್ ಇದ್ದರೆ ಮೊದಲು ಅದನ್ನು ಓಡಿಸಿ, ವೋಲ್ಟೇಜ್ ಸ್ಥಿರವಾದ ಮೇಲೆ ಲೋಡ್ ಹಾಕಬೇಕು. ಸೀರಿಯಲ್ ಲೈಟು, ಡಿಮ್ಮರ್ ಬೇರೆ ಫೇಸ್‌ನಲ್ಲಿರಲಿ. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಸ್ಪೀಕರ್ ಮೊದಲು. ಕರೆಂಟು ಹೋದಾಗ ಲ್ಯಾಪ್‌ಟಾಪ್, ಕಂಟ್ರೋಲರ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತವೆ. ಕೂಡಲೇ ಮಾಸ್ಟರ್ ಇಳಿಸಿಡಿ, ಇಲ್ಲದಿದ್ದರೆ ಕರೆಂಟು ಬಂದ ಕ್ಷಣ ಪೂರ್ತಿ ಸದ್ದು ಎದುರಿಗಿರುವವರ ಕಿವಿಗೆ ಬಡಿಯುತ್ತದೆ.

ಸಬ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಇಡುವುದು ನೋಡಲು ಚೆಂದ, ಕೇಳಲು ಅಲ್ಲ. ಕಣದ ನಡುವೆ ಬೇಸ್ ತುಂಬಿ, ಬದಿಗಳಲ್ಲಿ ಬರಿದಾಗುತ್ತದೆ. ಎರಡನ್ನೂ ಮಧ್ಯದಲ್ಲಿ ಅಂಟಿಸಿಟ್ಟರೆ ಒಂದೇ ಸಬ್‌ಗಿಂತ 6 ಡೆಸಿಬೆಲ್ ತನಕ ಹೆಚ್ಚು ಸಿಗುತ್ತದೆ, ಎಲ್ಲ ಕಡೆ ಸಮವಾಗಿಯೂ ಹರಡುತ್ತದೆ.

ಹತ್ತು ಗಂಟೆ ಮತ್ತು ಕಣಿವೆಯ ಲೆಕ್ಕ

2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಹಾಕುವಂತಿಲ್ಲ. ಸಭಾಂಗಣ, ಬ್ಯಾಂಕ್ವೆಟ್ ಹಾಲ್‌ನಂಥ ಮುಚ್ಚಿದ ಜಾಗಕ್ಕೆ ವಿನಾಯಿತಿ ಉಂಟು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಖಾಸಗಿ ಜಾಗದ ಸಿಸ್ಟಂ ಆದರೆ ಅದರ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು.

ಲೆಕ್ಕ ಹಾಕಿ ನೋಡಿ. ಸ್ಪೀಕರ್‌ನಿಂದ 4 ಮೀಟರ್‌ನಲ್ಲಿ 95 ಡೆಸಿಬೆಲ್ ಇದ್ದರೆ, ದೂರ ಎರಡರಷ್ಟಾದಾಗಲೆಲ್ಲ 6 ಇಳಿಯುತ್ತದೆ: 64 ಮೀಟರ್‌ನಲ್ಲಿ 71, 128ರಲ್ಲಿ 65, 256 ಮೀಟರ್‌ನಲ್ಲಿ 59. ಕಾಲು ಕಿಲೋಮೀಟರ್ ಆಚೆಗೂ ಹಗಲಿನ ಮಿತಿಗಿಂತ ಮೇಲೇ ಇದೆ. ಕಾಫಿ ಗಿಡ, ಸಿಲ್ವರ್ ಓಕ್ ಒಂದಿಷ್ಟು ಹೈ (ಚೂಪು ಸದ್ದು) ತಡೆಯುತ್ತವೆ, ಬೇಸ್ ತಡೆಯುವುದಿಲ್ಲ. ಚಳಿಗಾಲದ ಸಂಜೆ ಇನ್ನೂ ಕೆಟ್ಟದ್ದು: ನೆಲದ ಗಾಳಿ ಬೇಗ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ಕೆಳಗೇ ಬರುತ್ತದೆ. ಏಳು ಗಂಟೆಗೆ ಪಕ್ಕದ ತೋಟದ ಲೈನ್ ಮನೆಗಳಿಗೆ ಕೇಳದಿದ್ದದ್ದು ಒಂಬತ್ತಕ್ಕೆ ಬಾಗಿಲ ಮುಂದೆ ಹೊಡೆದಂತೆ ಕೇಳುವುದು ಇದರಿಂದ. ಬೆಳಿಗ್ಗೆ ಆರಕ್ಕೇ ಎದ್ದು ಕೆಲಸಕ್ಕೆ ಹೋಗುವವರು ಮಲಗಿರುವ ಮನೆಗಳವು. ಅವರ ನಿದ್ದೆ ನಮ್ಮ ಪಾರ್ಟಿಗಿಂತ ದೊಡ್ಡದು.

ಮಾಡಬಹುದಾದದ್ದು ಇಷ್ಟು. ಸ್ಪೀಕರ್‌ನ ಮುಖ ಕಣಿವೆಗಲ್ಲ, ಗುಡ್ಡದ ಕಡೆಗಿರಲಿ. ಸಬ್‌ಗಳಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸಿ, ಅದರ ಪೊಲಾರಿಟಿ (ಪ್ಲಸ್–ಮೈನಸ್) ಉಲ್ಟಾ ಮಾಡಿ, ಅದಕ್ಕೆ ಡಿಲೇ, ಅಂದರೆ ಸ್ವಲ್ಪ ತಡ, ಕೊಡಿ. ಎರಡೂ ಕೋನ್‌ಗಳ ನಡುವೆ 80 ಸೆಂಟಿಮೀಟರ್ ಇದ್ದರೆ ಸದ್ದು ಅಷ್ಟು ದೂರ ಹೋಗಲು 2.3 ಮಿಲಿಸೆಕೆಂಡ್ ಬೇಕು. ಅಲ್ಲಿಂದ ಶುರು ಮಾಡಿ, ಒಬ್ಬರು ಹಿಂದೆ ನಿಂತು ಬೇಸ್ ಎಲ್ಲಿ ಕಡಿಮೆಯಾಯಿತು ಅಂತ ಹೇಳುತ್ತಾ ಹೋದರೆ ಸರಿಯಾದ ಅಂಕಿ ಸಿಗುತ್ತದೆ. ಮುಂದಕ್ಕೆ ಬೇಸ್ ಉಳಿದು ಹಿಂದಕ್ಕೆ ಬಹಳಷ್ಟು ಇಳಿಯುತ್ತದೆ. ಹತ್ತರ ನಂತರವೂ ಜನಕ್ಕೆ ಬೇಕೇ ಬೇಕೆಂದರೆ ವೈರ್‌ಲೆಸ್ ಹೆಡ್‌ಫೋನ್ ಬಾಡಿಗೆಗೆ ತಂದು ಸೈಲೆಂಟ್ ಡಿಸ್ಕೋ ಮಾಡುವುದು ಮರ್ಯಾದೆಯ ದಾರಿ.

ಹತ್ತಕ್ಕೆ ನಿಲ್ಲಬೇಕಾದ್ದರಿಂದ ಸೆಟ್‌ನ ಏರಿಳಿತವೂ ಬೇರೆಯಾಗುತ್ತದೆ. ಬೆಂಗಳೂರಿನ ಕ್ಲಬ್‌ನಲ್ಲಿ ಹನ್ನೊಂದೂವರೆಗೆ ಬರುವ ಬಿಸಿ ಇಲ್ಲಿ ಒಂಬತ್ತೂಕಾಲಿಗೇ ಬರಬೇಕು. ಆರೂವರೆಯಿಂದ ಒಂದು ಗಂಟೆ 110–118 ಬಿಪಿಎಂನಲ್ಲಿ, ಮಾತಾಡಲು ಜಾಗ ಬಿಟ್ಟು, ಎಂಟೂಮುಕ್ಕಾಲಿನ ತನಕ 120–124, ಆಮೇಲೆ 126–128. ಕೊನೆಯ ಕಾಲು ಗಂಟೆ ಎಲ್ಲರೂ ಬಾಯಿಬಿಟ್ಟು ಹಾಡುವ ಕನ್ನಡ ಹಾಡಿಗೆ. ಪಕೋಡ ಬರುವ ಹೊತ್ತು, ಊಟ ಬಡಿಸುವ ಹೊತ್ತು ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಕ್ಕಿರೊಟ್ಟಿ, ಕೋಳಿಸಾರು ಬಂದ ಮೇಲೆ ಬೀಟು ಧಡಕ್ಕನೆ ಬೀಳುವ ಯಾವ ಡ್ರಾಪ್‌ಗೂ ಜನ ಏಳುವುದಿಲ್ಲ.

ಕಿವಿಯ ಲೆಕ್ಕವೂ ಇದರ ಜೊತೆಗೇ ಬರಲಿ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದಾದ ಕಿವಿ 100ರಲ್ಲಿ ಸುರಕ್ಷಿತವಾಗಿರುವುದು ಹದಿನೈದೇ ನಿಮಿಷ. ಸಂಗೀತಗಾರರಿಗೆಂದೇ ಬರುವ, 15 ಡೆಸಿಬೆಲ್ ಇಳಿಸುವ ಇಯರ್‌ಪ್ಲಗ್ ಮೊದಲ ಸಂಭಾವನೆಯಲ್ಲೇ ಕೊಳ್ಳಿ.

ಮಳೆಗಾಲದ ಕೆಲಸ

ಮಳೆ ಹಿಡಿದ ಮೇಲೆ ಮೊದಲ ಶತ್ರು ತೇವ. ಫೇಡರ್ ಕರಕರ ಅನ್ನತೊಡಗಿದರೆ ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬಳಸಬೇಡಿ, ಅದು ಧೂಳು ಹಿಡಿದು ಇನ್ನೂ ಹಾಳಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಚಳಿಯಲ್ಲಿದ್ದ ಲ್ಯಾಪ್‌ಟಾಪನ್ನು ಬೆಚ್ಚಗಿನ ಕೋಣೆಗೆ ತಂದರೆ ಒಳಗೆ ನೀರು ಕಟ್ಟುತ್ತದೆ, ಅರ್ಧ ಗಂಟೆ ಬಿಟ್ಟು ಆನ್ ಮಾಡಿ.

ಟ್ರ್ಯಾಕ್ ಮಾಡುವ ಕೋಣೆಯದ್ದು ದೊಡ್ಡ ವಿಷಯ. ಹತ್ತು ಅಡಿ, ಹನ್ನೆರಡು ಅಡಿಯ ಕೋಣೆ ತೆಗೆದುಕೊಳ್ಳಿ. ಹನ್ನೆರಡು ಅಡಿ ಅಂದರೆ 3.66 ಮೀಟರ್, ಆ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ನಿಂತು ಮೊಳಗುತ್ತದೆ. ಹತ್ತು ಅಡಿಗೆ 56 ಹರ್ಟ್ಸ್. ಡ್ಯಾನ್ಸ್ ಟ್ರ್ಯಾಕ್‌ನ ಕಿಕ್ ಇರುವುದೇ 45ರಿಂದ 60ರ ನಡುವೆ! ಹಾಗಾಗಿ ಗೋಡೆ ಹತ್ತಿರ ಕೂತರೆ ಕಿಕ್ ಭಾರಿ ಅನ್ನಿಸುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯ. ಅದನ್ನು ನಂಬಿ ಮಿಕ್ಸ್ ಮಾಡಿದವರ ಟ್ರ್ಯಾಕ್ ಹೊರಗೆ ಹೋದಾಗ ಉಲ್ಟಾ ಹೊಡೆಯುತ್ತದೆ. ಮುಂದಿನ ಗೋಡೆಯಿಂದ ಕೋಣೆಯ ಉದ್ದದ ಶೇ. 38ರಷ್ಟು ದೂರದಲ್ಲಿ ಕೂರಿ. ಹನ್ನೆರಡು ಅಡಿಗೆ ಅದು ನಾಲ್ಕೂವರೆ ಅಡಿ. ಖಾಲಿ ಗೋಣಿಚೀಲ ನೇತುಹಾಕಿದರೆ ಹೈ ಮಾತ್ರ ಹೀರಿ ಬೇಸ್ ಹಾಗೇ ಉಳಿದು ಕೋಣೆ ಇನ್ನಷ್ಟು ಗುಮ್ಮೆನ್ನುತ್ತದೆ. ಮೂಲೆಗಳಲ್ಲಿ ನೆಲದಿಂದ ಸೂರಿನವರೆಗೆ ದಪ್ಪ ರಾಕ್‌ವುಲ್ ನಿಲ್ಲಿಸಬೇಕು. ಅಷ್ಟು ಆಗದಿದ್ದರೆ ಬೇಸ್‌ನ ತೀರ್ಮಾನಗಳನ್ನು ಹೆಡ್‌ಫೋನ್‌ನಲ್ಲೇ ಮಾಡಿ.

ಕಿಕ್ ಮತ್ತು ಬೇಸ್ ಸರಿಹೋದರೆ ಟ್ರ್ಯಾಕ್ ಅರ್ಧ ಮುಗಿದ ಹಾಗೆ. ಮೊದಲು ಕಿಕ್‌ನ ಶ್ರುತಿ ನೋಡಿ: 49 ಹರ್ಟ್ಸ್ ಅಂದರೆ ಜಿ, 55 ಅಂದರೆ ಎ. ಟ್ರ್ಯಾಕ್‌ನ ಸ್ಕೇಲ್‌ಗೆ ಹೊಂದುವುದನ್ನು ಆರಿಸಿ. ಬೇಸ್ ಚಾನೆಲ್ ಮೇಲೆ ಕಂಪ್ರೆಸರ್ (ಸದ್ದಿನ ಜೋರು ತಗ್ಗಿಸುವ ಸಾಧನ) ಹಾಕಿ, ಕಿಕ್ ಬಿದ್ದಾಗಲೆಲ್ಲ ಬೇಸ್ ತಗ್ಗುವಂತೆ ಸೈಡ್‌ಚೈನ್‌ಗೆ ಕಿಕ್ ಕೊಡಿ. ರೇಶಿಯೋ (ತಗ್ಗಿಸುವ ಪ್ರಮಾಣ) 4:1, ಅಟ್ಯಾಕ್ (ತಗ್ಗಲು ಹಿಡಿಯುವ ಸಮಯ) ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ. ರಿಲೀಸ್‌ನಲ್ಲೇ, ಅಂದರೆ ತಗ್ಗಿದ ಬೇಸ್ ವಾಪಸ್ ಬರುವ ಸಮಯದಲ್ಲೇ, ಎಲ್ಲ ಇರುವುದು. 126 ಬಿಪಿಎಂನಲ್ಲಿ ಒಂದು ಬೀಟು 476 ಮಿಲಿಸೆಕೆಂಡ್, ಅರ್ಧ ಬೀಟು 238. ಅರ್ಧ ಬೀಟಿಗೆ ಬೇಸ್ ಪೂರ್ತಿ ವಾಪಸ್ ಬಂದಿರಬೇಕಾದ್ದರಿಂದ ರಿಲೀಸ್ 120–180ರ ನಡುವೆ ಇಟ್ಟು ಕೇಳಿ. 300 ಇಟ್ಟರೆ ಬೇಸ್ ಉಸಿರು ಕಟ್ಟಿದಂತಾಗುತ್ತದೆ, 40 ಇಟ್ಟರೆ ಕಿಕ್‌ನ ಬಾಲಕ್ಕೆ ಬೇಸ್ ಢಿಕ್ಕಿ ಹೊಡೆಯುತ್ತದೆ. 120 ಹರ್ಟ್ಸ್‌ನ ಕೆಳಗಿನದೆಲ್ಲ ಮೋನೋ (ಎಡ–ಬಲ ಎರಡರಲ್ಲೂ ಒಂದೇ ಸದ್ದು) ಇರಲಿ. ಬಾಡಿಗೆ ಸೌಂಡ್‌ನವರ ಸಿಸ್ಟಂ ಬಹಳ ಕಡೆ ಮೋನೋದಲ್ಲೇ ಓಡುವುದರಿಂದ ಇಡೀ ಟ್ರ್ಯಾಕನ್ನು ಒಮ್ಮೆ ಮೋನೋ ಮಾಡಿ ಕೇಳಿ. ಅಗಲವಾಗಿ ಹರಡಿದ ಲೀಡ್ (ಮುಖ್ಯ ರಾಗದ ದನಿ) ಅಲ್ಲಿ ಕರಗಿಹೋಗಬಾರದು. ಸಣ್ಣ ಸ್ಪೀಕರ್‌ನಲ್ಲೂ ಬೇಸ್ ಕೇಳಬೇಕೆಂದರೆ ಅದಕ್ಕೆ ಸ್ವಲ್ಪ ಸ್ಯಾಚುರೇಶನ್ (ದನಿ ತುಸು ಒರಟಾಗಿಸುವ ಎಫೆಕ್ಟ್) ಹಾಕಿ, 100–200 ಹರ್ಟ್ಸ್ ನಡುವೆ ಹಾರ್ಮೋನಿಕ್ಸ್ (ಮೇಲಿನ ಉಪಸ್ವರಗಳು) ಹುಟ್ಟಲಿ.

ಇಲ್ಲಿಯ ಪ್ರೊಡ್ಯೂಸರ್‌ಗಳು ಯಾಕೆ ಇಲ್ಲಿಯ ಸದ್ದನ್ನು ಬಳಸಬಾರದು? ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್‌ನ ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದ್ದರು. ಅದೇ 303 ಷಿಕಾಗೋದಲ್ಲಿ ಆಸಿಡ್ ಹೌಸ್ ಅನ್ನುವ ಪ್ರಕಾರದ ಸದ್ದಾಗಿ ಹೆಸರಾದದ್ದು ಆಮೇಲೆ, ಎಂಬತ್ತರ ದಶಕದ ಕೊನೆಗೆ. ನ್ಯೂಕ್ಲಿಯಾ ಎಂದು ಹೆಸರಾದ ಉದ್ಯನ್ ಸಾಗರ್ ಬೀದಿಯ ತಾಳವಾದ್ಯದ ಗದ್ದಲವನ್ನೇ ಬೇಸ್ ಸಂಗೀತಕ್ಕೆ ತಂದರು. ನಮ್ಮಲ್ಲಿ ತಮಟೆ ಇದೆ, ಡೊಳ್ಳಿದೆ, ಸುಗ್ಗಿ ಕುಣಿತದ ಹೆಜ್ಜೆಯಿದೆ.

ತಮಟೆ ರೆಕಾರ್ಡ್ ಮಾಡುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಕಿಗೆ ಕಾಯಿಸಿದಾಗ ಚರ್ಮ ಬಿಗಿದು ದನಿ ಖಣಖಣ ಬರುತ್ತದೆ, ಕೆಲವೇ ನಿಮಿಷದಲ್ಲಿ ಇಳಿಯತೊಡಗುತ್ತದೆ. ಜುಲೈ ತೇವದಲ್ಲಂತೂ ಇನ್ನೂ ಬೇಗ. ಆದ್ದರಿಂದ ಉದ್ದನೆ ಟೇಕ್ ಬೇಡ. ಕಾಯಿಸಿ, ಒಂದು ನಿಮಿಷ ನುಡಿಸಿ, ನಿಲ್ಲಿಸಿ, ಮತ್ತೆ ಕಾಯಿಸಿ. ಮೈಕ್ ಚರ್ಮದ ನಡುವಿಗೆ ನೇರ ಬೇಡ. ಎರಡು–ಮೂರು ಅಡಿ ದೂರ, ಸ್ವಲ್ಪ ಓರೆಯಾಗಿ. 24 ಬಿಟ್, 48 ಕಿಲೋಹರ್ಟ್ಸ್. ಮೀಟರ್ −10 ದಾಟದಿರಲಿ, ಕಡ್ಡಿಯ ಏಟು ಹಠಾತ್ತನೆ ಮೇಲೆ ಹಾರುತ್ತದೆ. ದೊಡ್ಡ ಕೋಲಿನ ಏಟು, ಸಣ್ಣ ಕಡ್ಡಿಯ ಏಟು, ಅಂಚಿನ ಏಟು ಒಂದೊಂದನ್ನೂ ಬಿಡಿಬಿಡಿಯಾಗಿ, ಮೆಲ್ಲಗೆ–ಜೋರಾಗಿ ಹತ್ತು ಹತ್ತು ಸಲ ತಗೊಳ್ಳಿ. ಏಬಲ್ಟನ್ ಅಥವಾ ಎಫ್‌ಎಲ್ ಸ್ಟುಡಿಯೋದಲ್ಲಿ ಗ್ರಿಡ್ಡನ್ನು ಟ್ರಿಪ್ಲೆಟ್‌ಗೆ (ಬೀಟಿಗೆ ಮೂರು ಭಾಗ) ಹಾಕಿ: 126ರಲ್ಲಿ ಒಂದೊಂದು ಸಣ್ಣ ಏಟಿಗೆ 159 ಮಿಲಿಸೆಕೆಂಡ್. ಇದರ ಮೇಲೆ ಮಾಮೂಲಿ ಹದಿನಾರರ (ಬೀಟಿಗೆ ನಾಲ್ಕು) ಹೈಹ್ಯಾಟ್ ಓಡಿಸಿದರೆ ಅದರ ನಡುವಿನ ಅಂತರ 119. ಎರಡೂ ಒಂದಕ್ಕೊಂದು ಅಡ್ಡಗಾಲು ಹಾಕುತ್ತವೆ. ಹ್ಯಾಟನ್ನೂ ಟ್ರಿಪ್ಲೆಟ್‌ಗೆ ತನ್ನಿ, ಇಲ್ಲವೇ ಬೀಟಿನ ನಡುವೆ ಒಂದೇ ಹ್ಯಾಟ್ ಇಡಿ. ಕ್ವಾಂಟೈಸ್ (ಏಟುಗಳನ್ನು ಗ್ರಿಡ್ಡಿಗೆ ಎಳೆಯುವುದು) ಶೇ. 50–60ಕ್ಕೆ ನಿಲ್ಲಲಿ. ನೂರಕ್ಕೆ ಎಳೆದರೆ ನುಡಿಸಿದವರ ಕೈ ಅದರಲ್ಲಿ ಉಳಿಯುವುದಿಲ್ಲ. ನುಡಿಸಿದವರಿಗೆ ಅವತ್ತೇ ಸಂಭಾವನೆ ಕೊಡಿ, ಹೆಸರು ಹಾಕುತ್ತೀರಿ, ಬಂದ ಹಣದಲ್ಲಿ ಇಷ್ಟು ಪಾಲು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ತಮಟೆಯವರ ಏಟನ್ನು ಫ್ರೀ ಸ್ಯಾಂಪಲ್ ಅಂತ ತಿಳಿಯುವುದು ಅನ್ಯಾಯ.

ಡಿಜೆಗಳು ಬಳಸಬೇಕೆಂದರೆ ಟ್ರ್ಯಾಕ್‌ಗೆ ಎರಡು ರೂಪ ಬೇಕು. ಎಕ್ಸ್‌ಟೆಂಡೆಡ್ ಮಿಕ್ಸ್‌ನ ಮೊದಲ ಮತ್ತು ಕೊನೆಯ 32 ಬಾರ್ ಬರೀ ತಾಳ; 126ರಲ್ಲಿ ಅದು ತಲಾ ಒಂದು ನಿಮಿಷ. ಒಟ್ಟು 192 ಬಾರ್ ಅಂದರೆ ಆರು ನಿಮಿಷ. ಸ್ಪಾಟಿಫೈಗೆ 96 ಬಾರ್‌ನ ಮೂರು ನಿಮಿಷದ್ದು ಸಾಕು. ಟ್ರ್ಯಾಕ್‌ಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್‌ಗೆ ಬೇರೆಯವರ ಹತ್ತಿರ ಕೊಡುವುದಾದರೆ ಮಾಸ್ಟರ್ ಚಾನೆಲ್‌ನ ಲಿಮಿಟರ್ (ಸದ್ದು ಮಿತಿ ದಾಟದಂತೆ ಹಿಡಿಯುವ ಸಾಧನ) ತೆಗೆದು, ಪೀಕ್ −6 ಡೆಸಿಬೆಲ್‌ನ ಹತ್ತಿರ ಬಿಟ್ಟು 24 ಬಿಟ್ ವೇವ್ ಕೊಡಿ. ಸ್ಪಾಟಿಫೈ ಮಾಮೂಲಿಯಾಗಿ ಎಲ್ಲವನ್ನೂ −14 ಲಫ್ಸ್‌ಗೆ (ಒಟ್ಟಾರೆ ಜೋರಿನ ಅಳತೆ) ತಂದು ಹಾಕುತ್ತದೆ. ಕ್ಲಬ್‌ಗೆ ಮಾಡಿದ ಮಾಸ್ಟರ್ −8ರ ಸುತ್ತ ಇರುತ್ತದೆ. ಟ್ರೂ ಪೀಕ್ (ಸದ್ದಿನ ನಿಜವಾದ ತುತ್ತತುದಿ) −1 ಇದ್ದರೆ ಎಂಪಿ3 ಆದಾಗ ಒಡೆಯುವ ಸಂಭವ ಕಡಿಮೆ.

ಹಕ್ಕು, ಹಣ, ಬೆಂಗಳೂರು

ಕನ್ನಡ ಸಿನಿಮಾ ಹಾಡಿನ ರೀಮಿಕ್ಸ್ ಮಾಡುವುದು ಎಲ್ಲರ ಮೊದಲ ಆಸೆ. ಸೆಟ್‌ನಲ್ಲಿ ಹಾಕುವವರು ಬಹಳ, ಆದರೆ ಬಿಡುಗಡೆ ಮಾಡಲು ಎರಡು ಅನುಮತಿ ಬೇಕು: ಸಾಹಿತ್ಯ–ಸಂಗೀತದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಅದಿಲ್ಲದೆ ಹಾಕಿದರೆ ಯೂಟ್ಯೂಬ್‌ನ ಹಕ್ಕು ಪತ್ತೆ ವ್ಯವಸ್ಥೆಯಾದ ಕಂಟೆಂಟ್ ಐಡಿ ಹಿಡಿಯಬಹುದು, ಹಕ್ಕುದಾರರು ದೂರು ಕೊಟ್ಟು ತೆಗೆಸಿದರೆ ಖಾತೆಗೆ ಸ್ಟ್ರೈಕೂ ಬೀಳುತ್ತದೆ. ಅಷ್ಟೇ ಶ್ರಮ ಸ್ವಂತ ಟ್ರ್ಯಾಕ್‌ಗೆ ಹಾಕಿ.

ಪಾರ್ಟಿಗಳ ಲೈಸೆನ್ಸ್ ವಿಷಯದಲ್ಲಿ ಗೊಂದಲ ಬಹಳ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52(1)(ಝಡ್‌ಎ) ಧಾರ್ಮಿಕ ಸಮಾರಂಭಕ್ಕೆ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ ವಿನಾಯಿತಿ ಕೊಡುತ್ತದೆ. ರೆಸಾರ್ಟ್‌ನ ಹೊಸ ವರ್ಷದ ಟಿಕೆಟ್ ಪಾರ್ಟಿ ಅದರಲ್ಲಿ ಬರುವುದಿಲ್ಲ. ಹಾಡಿನ ಹಕ್ಕುದಾರರ ಪರವಾಗಿ ಅನುಮತಿ ಕೊಡುವ ಐಪಿಆರ್‌ಎಸ್, ಪಿಪಿಎಲ್ ಥರದ ಸಂಸ್ಥೆಗಳ ಲೈಸೆನ್ಸ್ ಬೇಕು. ಅದನ್ನೂ ಪೊಲೀಸ್ ಅನುಮತಿಯನ್ನೂ ಮಾಡಿಸುವುದು ಆಯೋಜಕರ ಹೊಣೆ ಅಂತ ಒಪ್ಪಂದದಲ್ಲೇ ಬರೆಸಿ. ಅರ್ಧ ಹಣ ದಿನಾಂಕ ಕೊಡುವಾಗ, ಉಳಿದದ್ದು ಹಾಡು ಶುರುವಾಗುವ ಮೊದಲು. ಸೌಂಡ್, ಜನರೇಟರ್, ಗಾಡಿ ಬಾಡಿಗೆ ಯಾರದ್ದು. ಮಳೆ ಬಂದರೆ ಚಪ್ಪರ ಯಾರದ್ದು. ಹತ್ತಕ್ಕೆ ನಿಲ್ಲಿಸಿದ್ದಕ್ಕೆ ಹಣ ಕಡಿತ ಇಲ್ಲ. ವಾಟ್ಸ್ಆ್ಯಪ್‌ನಲ್ಲಾದರೂ ಸರಿ, ಬರಹದಲ್ಲಿರಲಿ. ಪರಿಚಯದವರು, ದೊಡ್ಡಮನೆಯವರು ಅನ್ನುವ ಸಂಕೋಚ ಬೇಡ.

ಹಾಸನದಿಂದ ಬೆಂಗಳೂರು ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿ ಮೊದಲು ಸಿಗುವುದು ಮುಖ್ಯ ಡಿಜೆಗಿಂತ ಮುಂಚಿನ ವಾರ್ಮ್‌ಅಪ್ ಸೆಟ್. ಅದರಲ್ಲಿ ನಿಮ್ಮ ಕೆಲಸ ಜನರನ್ನು ಕುಣಿಸಿ ಸುಸ್ತು ಮಾಡುವುದಲ್ಲ, ಬಾರ್ ಬಿಟ್ಟು ಫ್ಲೋರ್ ಕಡೆ ಬರುವಂತೆ ಮಾಡುವುದು. 122 ಬಿಪಿಎಂ ದಾಟಬೇಡಿ, ಮುಂದಿನವರ ಸ್ವಂತ ಟ್ರ್ಯಾಕ್ ಹಾಕಬೇಡಿ, ಮೀಟರ್ ಕೆಂಪಿಗೆ ಒಯ್ಯಬೇಡಿ. ಇದನ್ನು ಸರಿಯಾಗಿ ಮಾಡುವವರು ಕಡಿಮೆ, ಹಾಗಾಗಿ ಮಾಡುವವರನ್ನು ಮತ್ತೆ ಕರೆಯುತ್ತಾರೆ.

ಬಿಡುಗಡೆಗೆ ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಥರದ ವಿತರಕರು ಸಾಕು. 3000 ಗುಣಿಸು 3000 ಪಿಕ್ಸೆಲ್‌ನ ಮುಖಚಿತ್ರ, ಎಲ್ಲ ಕಲಾವಿದರ ಹೆಸರಿನ ಒಂದೇ ಕಾಗುಣಿತ, ಪ್ರತಿ ಧ್ವನಿಮುದ್ರಣದ ಗುರುತಾದ ಐಎಸ್‌ಆರ್‌ಸಿ ಸಂಖ್ಯೆ. ದಿನಾಂಕಕ್ಕೆ ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿದರೆ ಸ್ಪಾಟಿಫೈನ ಪ್ಲೇಲಿಸ್ಟ್‌ಗೆ ಕಳಿಸಲು ಸಮಯ ಸಿಗುತ್ತದೆ. ಕನಿಷ್ಠ ಒಂದು ವಾರ ಬಾಕಿ ಇರಲೇಬೇಕು. ಲೇಬಲ್‌ಗೆ (ಸಂಗೀತ ಬಿಡುಗಡೆ ಮಾಡುವ ಕಂಪನಿಗೆ) ಡೆಮೊ ಕಳಿಸುವಾಗ ಫೈಲ್ ಲಗತ್ತಿಸಬೇಡಿ, ಸೌಂಡ್‌ಕ್ಲೌಡ್‌ನ ಖಾಸಗಿ ಲಿಂಕ್ ಕೊಡಿ. ಒಂದು ಇಮೇಲ್‌ಗೆ ಎರಡೇ ಟ್ರ್ಯಾಕ್, ಹೆಸರಿನ ಪಕ್ಕ ಬಿಪಿಎಂ ಮತ್ತು ಸ್ಕೇಲ್. ಆ ಲೇಬಲ್‌ನ ಕಳೆದ ಹತ್ತು ಬಿಡುಗಡೆ ಕೇಳಿ, ನಿಮ್ಮದು ಅವುಗಳ ಪಕ್ಕ ಕೂರುತ್ತದೆ ಅನ್ನಿಸಿದರೆ ಮಾತ್ರ ಕಳಿಸಿ. ಮೂರು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ, ಆಮೇಲೆ ಮುಂದಿನ ಲೇಬಲ್‌ಗೆ.